ಗುತ್ತೆವ್ವನ ಮಡು: ಒಂಬತ್ತನೇ ಕಂತು, ಬಾಣಂತಿ ತೊಟ್ಟಿ

"ಸಾಹೇಬ್ರ, ಮೊದಲ ಆ ಚೀಲ ಹೊರಗ ಇಡ್ರಿ. ನಾ ಮೀನ ಮಾರಾಂವ ಖರೆ, ಆದ್ರ ನನಗೂ ಮೂಗ ಐತಿ."

ಸವಣೂರಿನ ಮೀನು ವ್ಯಾಪಾರಿ ಖಾದರಸಾಬ ಹೆಗಲ ಮೇಲಿನ ವಸ್ತ್ರದಿಂದ ಮೂಗು ಮುಚ್ಚಿಕೊಂಡ. ನಾನು ಚೀಲ ಹೊರಗಿಡಲಿಲ್ಲ. ಅವನ ಅಂಗಡಿಯ ಹಾಸುಗಲ್ಲಿನ ಮೇಲೇ ಇಟ್ಟು ಬಾಯಿ ಬಿಚ್ಚಿದೆ. ಒದ್ದೆ ಗೋಣಿ, ಅದರೊಳಗೆ ಬೇವಿನ ಸೊಪ್ಪು, ಸೊಪ್ಪಿನೊಳಗೆ ಒಂದೂವರೆ ಮೊಳದ ಮೀನು. ಸತ್ತು ಒಂದು ಹಗಲು ಒಂದು ರಾತ್ರಿ ಕಳೆದಿದ್ದರೂ ಬೆಳ್ಳಿ ರೂಪಾಯಿಯಷ್ಟು ಅಗಲದ ಹುರುಪೆಗಳು ಇನ್ನೂ ಹೊಳೆಯುತ್ತಿದ್ದವು.

ಹಿಂದಿನ ದಿನ, ಗುರುವಾರ ಬೆಳಿಗ್ಗೆ, ಗುತ್ತೆವ್ವನ ಮಡುವಿನ ಪಕ್ಕದ ಸಿಮೆಂಟ್ ತೊಟ್ಟಿಯಲ್ಲಿ ಇಂಥವು ಆರು ಹೊಟ್ಟೆ ಮೇಲಾಗಿ ತೇಲಿದ್ದವು. ಅವನ್ನು ಹಿಡಿದು ತಂದಿದ್ದ ಬೆಸ್ತರ ಭರಮಪ್ಪ ನನ್ನ ಕಲ್ಲಮಡು ಠಾಣೆಯ ಲಾಕಪ್ಪಿನಲ್ಲಿದ್ದ. ಶನಿವಾರ ಮಧ್ಯಾಹ್ನ ಮೀನುಗಾರಿಕೆ ಇಲಾಖೆಯ ದೊಡ್ಡ ಸಾಹೇಬರು ಬರುವವರಿದ್ದರು. ಅಷ್ಟರೊಳಗೆ ನಾನು ವರದಿ ಬರೆಯಬೇಕಿತ್ತು.

ಆ ವರದಿಯ ಮೇಲೆ ಭರಮಪ್ಪನೊಬ್ಬನ ಹಣೆಬರಹ ಮಾತ್ರ ನಿಂತಿರಲಿಲ್ಲ. ಮಳೆಗಾಲದ ಮೂರು ತಿಂಗಳು ವರದಾ ಹೊಳೆಗೆ ಯಾರೂ ಬಲೆ ಹಾಕಬಾರದೆಂದು ಸರ್ಕಾರದ ಆಜ್ಞೆ. ಉಳಿದ ಕಾಲದಲ್ಲಿ ಹೊಳೆಯ ಒಂದೊಂದು ಮಡುವೂ ಲಿಲಾವಿಗೆ ಹೋಗುತ್ತದೆ, ಹೆಚ್ಚು ಕೂಗಿದವನಿಗೆ ಸಿಗುತ್ತದೆ. ಈ ಎರಡೂ ಕಾನೂನಿನಿಂದ ಹೊರಗಿದ್ದದ್ದು ಗುತ್ತೆವ್ವನ ಮಡು ಒಂದೇ. ಅದು ಲಿಲಾವಿಗೆ ಹೋಗುವಂತಿಲ್ಲ. ಅಲ್ಲಿ ಮಳೆಗಾಲದಲ್ಲಿ ಭರಮಪ್ಪ ಮಾತ್ರ ಬಲೆ ಬಿಟ್ಟು ಆರು ಮೀನು ಹಿಡಿದು, ಹೊಟ್ಟೆ ಸವರಿ ಮೊಟ್ಟೆ ಇಳಿಸಿಕೊಂಡು, ಮೀನನ್ನು ಜೀವಂತ ನೀರಿಗೆ ಬಿಡಬಹುದು. ಹೊಳೆಯುದ್ದಕ್ಕೂ ಸಿಡಿಮದ್ದಿಗೆ ಸತ್ತು, ಬರಕ್ಕೆ ಸತ್ತು, ಆ ಜಾತಿಯ ಮೀನು ಉಳಿದದ್ದೇ ಆ ಮಡುವಿನಲ್ಲಿ. ಭರಮಪ್ಪ ಆರು ವರ್ಷ ಅರ್ಜಿ ಬರೆಸಿ ಬರೆಸಿ ಪಡೆದ ವಿನಾಯಿತಿ ಅದು. ಅದರ ನಾಲ್ಕನೇ ಕಲಮು ಎರಡೇ ಸಾಲಿನದು: ಹಿಡಿದ ಮೀನು ಅವನ ಇಲ್ಲವೆ ಅವನ ಮನೆಯವರ ತಪ್ಪಿನಿಂದ ಸತ್ತರೆ ವಿನಾಯಿತಿ ರದ್ದು, ಮಡು ಲಿಲಾವಿಗೆ.

"ಮಂಗಳವಾರ ನೀ ಮಡುವಿನ ಕಡೆ ಹೋಗಿದ್ದೆಂತ?" ನಾನು ಖಾದರಸಾಬನನ್ನು ಕೇಳಿದೆ.

"ಹೋಗಿದ್ದೆ. ಭರಮಪ್ಪಗ ಬಲಿ ನೂಲು ಕೊಡಾಕ. ಅಂವ ಹರಗೋಲದಾಗ ಮ್ಯಾಲಿನ ಕಡೆ ಹೋಗಿದ್ದಾ. ನೂಲು ಅವರಕ್ಕನ ಕೈಯಾಗ ಕೊಟ್ಟು ಬಂದೆ."

"ಮಡು ಲಿಲಾವಿಗೆ ಬಂದ್ರ ನಿನಗ ಲಾಭ ಐತಲ್ಲ?"

ಅವನು ವಸ್ತ್ರ ಮೂಗಿನಿಂದ ತೆಗೆದ. "ಎಪ್ಪತ್ತೆರಡರ ಬರದಾಗ ಹೊಳಿ ಬತ್ತಿ ಮಡು ಮಣಕಾಲುದ್ದ ಆಗಿತ್ತರಿ. ಈ ಮೀನ ಹತ್ತು ಬುಟ್ಟಿ ನಾನ ಮಾರೇನಿ, ಇದ ಕಲ್ಲಿನ ಮ್ಯಾಲ. ಆಮ್ಯಾಲ ಮೂರು ವರ್ಷ ಒಂದೂ ಕಣ್ಣಿಗೆ ಬೀಳಲಿಲ್ಲ. ಬಿತ್ತೋ ಬೀಜಾನ ಮಾರಿಕೊಂಡೆ ಅಂತ ಅವತ್ತ ತಿಳೀತು. ಲಿಲಾವಿಗೆ ಬಂದ್ರ ಹಿಡಿಯಾಂವ ನಾ ಅಲ್ರಿ. ಶಿಗ್ಗಾವ್ಯಾಗ ಕುಬೇರಪ್ಪ ಅಂತ ಒಬ್ಬ ಗುತ್ತಿಗೆದಾರ ಅದಾನ. ಮಂಜುಗಡ್ಡಿ ಇಡಾಕ ಪೆಟ್ಟಿಗಿ ಮಾಡಿಸಿ, ಕಟಗಿ ಹೊಟ್ಟು ತುಂಬಿಸಿ ಆಗ್ಲೇ ಕುಂತಾನ. ಹುಡುಗಿ ನೋಡೂಕಿಂತ ಮೊದಲ ತೊಟ್ಟಲಾ ತಂದಂಗ."

ನಾನು ಹೆಸರನ್ನು ಬರೆದುಕೊಂಡೆ. ಬರೆದುಕೊಂಡು ಅಷ್ಟಕ್ಕೇ ಬಿಟ್ಟೆ. ಲಾಕಪ್ಪಿನಲ್ಲಿ ಒಬ್ಬನನ್ನು ಕೂರಿಸಿಟ್ಟ ಪೊಲೀಸನಿಗೆ ಬೇರೆಯವರ ಹೆಸರು ಕಿವಿಗೆ ಬೀಳುವುದು ತಡ.

"ಹತ್ತಿಗೆ ಹೊಡಿಯೋ ಎಂಡ್ರಿನ್ ಹಾಕ್ಯಾರ ಅಂತ ನಮ್ಮ ಜಮಾದಾರ ಅಂತಾನ," ಎಂದೆ. "ನೀ ನೋಡಿ ಹೇಳು."

ಖಾದರಸಾಬ ಮೀನಿನ ಕೆನ್ನೆಯ ಮುಚ್ಚಳವನ್ನು ಹೆಬ್ಬೆರಳಿನಿಂದ ಎತ್ತಿದ. ಬಹಳ ಹೊತ್ತು ನೋಡಿದ. ಕಿವಿರು ಕೆಂಪಗಿರಲಿಲ್ಲ. ಹಾಲಿನ ಕೆನೆ ಮೆತ್ತಿದಂತೆ ಬೆಳ್ಳಗೆ, ಲೋಳೆ ಲೋಳೆಯಾಗಿತ್ತು.

"ಹೊಲದ ಎಣ್ಣಿ ಕುಡದ ಸತ್ತ ಮೀನ ನಾ ಎಷ್ಟೋ ನೋಡೇನ್ರಿ. ಇದು ಅದಲ್ಲ. ಇದೇನೋ ಸುಟ್ಟಂಗ ಐತಿ. ನೀರಾಗ ಇದ್ದದ್ದು ಹೆಂಗ ಸುಡತೈತಿ?" ಅವನು ತಲೆ ಅಲ್ಲಾಡಿಸಿದ. "ನೀವು ಒಂದು ಎಲಿ ಹಾಕ್ರಿ. ಈ ನಾತದಾಗ ಮಾತಾಡಾಕ ಆಗಂಗಿಲ್ಲ. ಅಮ್ಮಾ, ಸಾಹೇಬ್ರಿಗೆ ಪಾನ ಕಟ್ಟು."

ಒಳಗಿನಿಂದ ಅವನ ತಾಯಿ ಚಮನಬಿ ತಟ್ಟೆ ಹಿಡಿದು ಬಂದಳು. ಎಂಬತ್ತು ದಾಟಿದ ಮುದುಕಿ, ಎರಡೂ ಕಣ್ಣಿನಲ್ಲಿ ಪೊರೆ. ಸವಣೂರಿನ ಎಳೆಯ ಎಲೆ, ನಾಲಿಗೆಗಿಟ್ಟರೆ ಬೆಣ್ಣೆ. ಆದರೆ ಕಣ್ಣು ಕಾಣದ ಕೈ ಸುಣ್ಣವನ್ನು ಧಾರಾಳವಾಗಿ ಸವರಿತ್ತು. ಎರಡು ಸಲ ಜಗಿಯುವಷ್ಟರಲ್ಲಿ ಬಾಯಿ ಧಗ್ಗೆಂದಿತು. ನಾನು ಹೊರಗೋಡಿ ಉಗುಳಿದೆ.

"ಸುಣ್ಣಾ ಹೆಚ್ಚಾತೇನು ಬೇಟಾ?" ಮುದುಕಿ ಪೇಚಾಡಿದಳು. "ಕೊಬ್ಬರಿ ತಿನ್ನು, ಕೊಬ್ಬರಿ ತಿನ್ನು."

ಖಾದರಸಾಬನ ಗೋಡೆಗೆ ಒಂದು ಸಣ್ಣ ಕನ್ನಡಿ ತೂಗುಹಾಕಿತ್ತು. ಕೆಳತುಟಿ ಮಡಿಚಿ ನೋಡಿಕೊಂಡೆ. ಒಳಗಿನ ಚರ್ಮ ಬೆಳ್ಳಗಾಗಿ, ಲೋಳೆಯಾಗಿ ಸುಲಿಯುತ್ತಿತ್ತು.

ನಾನು ತುಟಿ ಬಿಡದೆ ತಿರುಗಿ ಕಲ್ಲಿನ ಮೇಲಿದ್ದ ಮೀನನ್ನು ನೋಡಿದೆ. ಖಾದರಸಾಬನೂ ನನ್ನ ತುಟಿ ನೋಡಿದ, ಮೀನನ್ನು ನೋಡಿದ. ವಿಷದ ಬಾಟಲಿಗಾಗಿ ನಾನು ಹಿಂದಿನ ದಿನವೆಲ್ಲ ಹಳ್ಳ, ಬೇಲಿ, ಹುಲ್ಲಿನ ಬಣವೆ ಎಲ್ಲ ಸೋಸಿದ್ದೆ. ಅದು ಪ್ರತಿ ಮನೆಯ ತಾಂಬೂಲದ ತಟ್ಟೆಯಲ್ಲೇ ಇತ್ತು.

ಹೊರಗೆ ಪುನರ್ವಸು ಮಳೆ ಜಿನುಗುತ್ತಿತ್ತು. ಜಮಾದಾರ ಮಹಾಲಿಂಗಪ್ಪ ಜೀಪಿನ ಪಕ್ಕ ಛತ್ರಿ ಹಿಡಿದು ನಿಂತಿದ್ದ. ಡ್ರೈವರ್ ರಜೆಯಲ್ಲಿದ್ದುದರಿಂದ ಗಾಡಿ ಅವನದೇ ಕೈಯಲ್ಲಿತ್ತು. ಅವನು ಖಾದರಸಾಬನ ಅಂಗಡಿಯ ಹೊಸ್ತಿಲು ತುಳಿದಿರಲಿಲ್ಲ. ಮೀನಿನ ನಾತ ತನಗೆ ಆಗುವುದಿಲ್ಲವೆಂದು ಮೊದಲೇ ಹೇಳಿದ್ದ.

"ಎರಡು ಸಹಿ ಬೇಕರಿ," ಎಂದು ಬಾನೆಟ್ಟಿನ ಮೇಲೆ ಕಾಗದ ಇಟ್ಟು ಪೆನ್ನಿನ ಮುಚ್ಚಳ ತೆಗೆದು ಕೊಟ್ಟ. "ಒಂದು ಠಾಣಾಕ್ಕ ಸುಣ್ಣ ಬಳದವರದು, ಒಂದು ಡೀಸಲ್ದು."

ಠಾಣೆಗೆ ಮೇಲಿನವರ ತಪಾಸಣೆ ಇದ್ದುದರಿಂದ ಹಿಂದಿನ ವಾರವಷ್ಟೇ ಗೋಡೆಗಳಿಗೆ ಸುಣ್ಣ ಬಳಿಸಿದ್ದೆವು. ನಾನು ಬಾಯಿಯ ಉರಿಯಲ್ಲೇ ಎರಡು ಕಡೆ ಗೀಚಿದೆ. ನಾನು ಕಲ್ಲಮಡುವಿಗೆ ಬಂದು ನಾಲ್ಕು ವರ್ಷ. ನಾಲ್ಕು ವರ್ಷವೂ ಮಹಾಲಿಂಗಪ್ಪ ಇಟ್ಟ ಕಡೆ ಸಹಿ ಮಾಡಿದವನು ನಾನು. ಅವನ ಅಕ್ಷರ ಮುತ್ತು ಪೋಣಿಸಿದಂತೆ. ಓದಬೇಕೆನ್ನಿಸುವುದಕ್ಕಿಂತ ನಂಬಬೇಕೆನ್ನಿಸುವ ಅಕ್ಷರ.

ಹಾನಗಲ್ ಕಡೆಯ ಕಲ್ಲಮಡುವಿಗೆ ಹೊರಟವರು ದಾರಿ ತಪ್ಪಿಸಿ ಶಿಗ್ಗಾಂವಿಗೆ ಹೋದೆವು. ತಂಗಿಯ ಮನೆಗೆ ಹತ್ತು ನಿಮಿಷ ಹೋಗಿಬರುತ್ತೇನೆಂದು ಅವನು ಕೇಳಿಕೊಂಡಿದ್ದ. ನಾನು ಜೀಪಿನಲ್ಲೇ ಕುಳಿತು ಚಹ ತರಿಸಿ ಸುಟ್ಟ ಬಾಯಿಗೆ ಹಚ್ಚಲಾರದೆ ಚೆಲ್ಲಿದೆ. ಅವನು ತಿರುಗಿ ಬಂದಾಗ ಒದ್ದೆ ಖಾಕಿ ಪ್ಯಾಂಟಿನ ಮೊಣಕಾಲಿನವರೆಗೆ ಕಟ್ಟಿಗೆಯ ಹೊಟ್ಟು ಅಂಟಿತ್ತು. ಗರಗಸದ ಮನೆಯಿಂದ ಎದ್ದು ಬಂದವನಂತೆ.

ಅದು ಕಣ್ಣಿಗೆ ಬಿತ್ತು, ಮನಸ್ಸಿಗೆ ಬೀಳಲಿಲ್ಲ. ಇವತ್ತಿಗೂ ಅದನ್ನು ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಠಾಣೆಗೆ ಬಂದು ನೇರ ಲಾಕಪ್ಪಿಗೆ ಹೋದೆ. ಭರಮಪ್ಪ ಗೋಡೆಗೆ ಬೆನ್ನು ಕೊಟ್ಟು ಕುಳಿತಿದ್ದ. ಐವತ್ತರ ಆಳು, ಹೊಳೆಯ ಬಿಸಿಲಿಗೆ ಕಪ್ಪಾದ ಮೈ. ಎಡಗೆನ್ನೆಯ ಮೇಲೆ ನನ್ನ ಬೆರಳಿನ ಗುರುತು ಇನ್ನೂ ಇತ್ತು.

ಅದನ್ನೂ ಹೇಳಿಬಿಡುತ್ತೇನೆ. ಗುರುವಾರ ಬೆಳಿಗ್ಗೆ ನಾನು ಮಡುವಿಗೆ ಹೋದಾಗ ಇವನು ತೊಟ್ಟಿಯ ನೀರೆಲ್ಲ ಬಿಟ್ಟು, ಒಳಗಿಳಿದು, ಕಲ್ಲಿನಿಂದ ಗೋಡೆ ತಿಕ್ಕುತ್ತಿದ್ದ. ಆರು ಹೆಣ ದಂಡೆಯ ಮೇಲೆ. ಯಾಕೆ ತೊಳೆದೆ ಎಂದರೆ ತಿಕ್ಕುವುದನ್ನು ನಿಲ್ಲಿಸಲಿಲ್ಲ. ಮೂರನೇ ಸಲ ಕೇಳಿದಾಗ, "ನಾನ ಕೊಂದೇನ್ರಿ," ಎಂದ. ನನ್ನ ಕೈ ತಾನಾಗಿ ಎದ್ದಿತು. ಆ ವಿನಾಯಿತಿಗೆ ಶಿಫಾರಸು ಬರೆದವರಲ್ಲಿ ನಾನೂ ಒಬ್ಬ, ಹಾಗಾಗಿ ಹೆಚ್ಚು ಸಿಟ್ಟು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದಾಗ ಬಾರದು ಎಂದು ನಮ್ಮವ್ವ ಹಂಸಭಾವಿಯ ಮನೆಯಲ್ಲಿ ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. ಮೂಗು ಕೊಯ್ಯುವ ನೌಕರಿಗೆ ಸೇರಿದ ಮೇಲೆ ಮರೆತೆ.

"ಭರಮಪ್ಪ," ನಾನು ಸರಳಿನ ಹತ್ತಿರ ಕುಕ್ಕರಗಾಲಿನಲ್ಲಿ ಕುಳಿತೆ. "ತೊಟ್ಟಿ ಕಟ್ಟಿದ ಮ್ಯಾಲ ಎಷ್ಟು ದಿನ ನೀರು ಬದಲಿ ಮಾಡಿದಿ?"

ಅವನು ತಲೆ ಎತ್ತಿದ. "ನಲವತ್ತು ದಿನಾರಿ."

"ಯಾಕ?"

"ಹೊಸಾ ಸಿಮಿಟಿ ಮೀನಿಗೆ ಆಗಂಗಿಲ್ರಿ. ಅದರ ಖಾರಾ ಇಳೀಬೇಕು. ಮೀನಿನ ಆಫೀಸಿನವರು ಹೇಳಿದ್ರು."

"ಹಂಗಾರ ಸುಣ್ಣ?"

ಅವನ ಮುಖದ ಬಣ್ಣ ಇಳಿಯಿತು. ಕಪ್ಪು ಮೈಯವನ ಮುಖ ಬಿಳಿಚಿಕೊಂಡದ್ದನ್ನು ನಾನು ಅಂದೇ ನೋಡಿದ್ದು.

"ಸುಣ್ಣ ಯಾರು ಹೊಡದ್ರು, ಭರಮಪ್ಪ?"

"ನಾನ ಹೊಡದೇನ್ರಿ. ನಾನ ಕೊಂದೇನಿ ಅಂತ ಹೇಳೇನಲ್ರಿ. ಬರಕೊಳ್ರಿ, ಹೆಬ್ಬೆಟ್ಟು ಒತ್ತತೇನಿ."

"ನಲವತ್ತು ದಿನ ಖಾರಾ ಇಳಿಸಿದಾಂವ ನಲವತ್ತೊಂದನೇ ದಿನ ಸುಣ್ಣ ಬಳಿತಾನೇನು?"

ಅವನು ಎದ್ದು ಬಂದು ಸರಳು ಹಿಡಿದ. ಅವನ ಕಣ್ಣಲ್ಲಿ ನೀರಿತ್ತು. "ಸಾಹೇಬ್ರ, ನಿಮ್ಮ ಕಾಲಿಗೆ ಬೀಳ್ತೇನಿ. ನನಗ ಎಷ್ಟು ವರ್ಷ ಬೇಕಾದ್ರ ಹಾಕ್ರಿ. ಆದ್ರ ಸುಣ್ಣದ ಮಾತು ನಮ್ಮ ಅಕ್ಕನ ಮುಂದ ಎತ್ತಬ್ಯಾಡ್ರಿ. ಅಕಿಗೆ ಗೊತ್ತಿಲ್ರಿ. ಗೊತ್ತಾದ್ರ ಅಕಿ ಮಡುವಿಗೆ ಹಾರತಾಳ."

ಲಾಕಪ್ಪಿನ ಬೀಗ ತೆಗೆಯಬೇಕೆಂದು ಆ ಕ್ಷಣದಲ್ಲೇ ಅನ್ನಿಸಿತು. ತೆಗೆಯಲಿಲ್ಲ. ಕಾಗದದ ಮೇಲೆ ಬೇರೊಂದು ಹೆಸರು ಬರೆಯದೆ ಅವನನ್ನು ಬಿಡುವುದು ಹೇಗೆ? ಆ ಬೇರೊಂದು ಹೆಸರು ಯಾವುದು ಎಂದು ಅವನೇ ಹೇಳಿದ್ದ.

ಮಡುವಿಗೆ ಹೋಗುವ ದಾರಿ ಕೆಸರಾಗಿತ್ತು. ಜೀಪನ್ನು ಬೇವಿನ ಮರದ ಕೆಳಗೆ ನಿಲ್ಲಿಸಿ, "ನೀವು ಇಲ್ಲೇ ಇರ್ರಿ ಜಮಾದಾರ್ರ," ಎಂದೆ.

"ನಾನೂ ಬರ್ತೇನ್ರಿ. ಹೆಣಮಕ್ಕಳ ಹತ್ರ ಒಬ್ಬರ ಹೋಗೋದು..."

"ಇರ್ರಿ ಅಂದೆ."

ತೊಟ್ಟಿ ಮಡುವಿನ ದಂಡೆಯ ಮೇಲೆ, ಭರಮಪ್ಪ ಮತ್ತು ಅವನ ಅಕ್ಕ ಶಂಕ್ರವ್ವನ ಗುಡಿಸಲಿಗೆ ಹತ್ತು ಹೆಜ್ಜೆ ದೂರದಲ್ಲಿತ್ತು. ಊರವರು ಅದಕ್ಕೆ ಬಾಣಂತಿ ತೊಟ್ಟಿ ಎಂದು ಹೆಸರಿಟ್ಟಿದ್ದರು. ಮೊದಲು ನಗೆಚಾಟಿಕೆಗೆ ಇಟ್ಟ ಹೆಸರು, ಆಮೇಲೆ ಅದೇ ಹೆಸರಾಯಿತು. ಮೊಟ್ಟೆ ಇಳಿಸಿದ ಮೀನನ್ನು ನೀರಿಗೆ ಬಿಡುವಾಗ ಶಂಕ್ರವ್ವ ಸುಮ್ಮನೆ ಬಿಡಗೊಡುತ್ತಿರಲಿಲ್ಲ. ತವರಿನಿಂದ ಹೊರಟ ಮಗಳಿಗೆ ಮಾಡುವಂತೆ ಉಡಿ ತುಂಬುತ್ತಿದ್ದಳು. ಐದು ಹಿಡಿ ಅಕ್ಕಿ, ಅಡಿಕೆ, ಎಲೆ, ಅರಿಷಿಣ ಎಲ್ಲ ಮಡುವಿಗೆ ಹಾಕಿ, ಮೀನಿನ ತಲೆಗೆ ಬೆರಳಿನಿಂದ ಕುಂಕುಮ ಮುಟ್ಟಿಸಿ, "ಹೋಗಿ ಬಾರವ್ವ," ಎನ್ನುತ್ತಿದ್ದಳು. ಹಿಂದಿನ ವರ್ಷ ನಾನೂ ನಿಂತು ನೋಡಿದ್ದೆ, ನಕ್ಕಿದ್ದೆ.

ನಾನು ತೊಟ್ಟಿಯೊಳಗೆ ಇಳಿದೆ. ಭರಮಪ್ಪ ಗೋಡೆಗಳನ್ನು ಸಿಮೆಂಟು ಕಾಣುವಂತೆ ತಿಕ್ಕಿದ್ದ. ಆದರೆ ನೀರು ಹೋಗುವ ಕೊಳವೆಯ ಕೆಳಗೆ, ಕೈ ತಿರುಗದ ಮೂಲೆಯಲ್ಲಿ, ಒಂದು ಅಂಗೈ ಅಗಲದ ಬಿಳಿ ಉಳಿದಿತ್ತು. ಅದರ ಮೇಲೆ ಕೆಮ್ಮಣ್ಣಿನ ಗೆರೆ. ಆ ಗೆರೆಯ ಗುರುತು ನನಗಿತ್ತು. ಮಗಳು ಹೆರಿಗೆಗೆ ಬರುವ ಮೊದಲು ಕೋಣೆಗೆ ಸುಣ್ಣ ಹೊಡೆದು, ಕೆಳಗೊಂದು ಕೆಮ್ಮಣ್ಣಿನ ಪಟ್ಟಿ ಎಳೆಯುತ್ತಾರೆ ನಮ್ಮ ಕಡೆ. ನಮ್ಮಕ್ಕ ಬಾಣಂತನಕ್ಕೆ ಬಂದಾಗ ನಮ್ಮವ್ವ ಎಳೆದಿದ್ದಳು.

"ಅಲ್ಲೇನು ಹುಡುಕಾಕತ್ತೀರಿ ಸಾಹೇಬ್ರ? ಒಳಗ ಬರ್ರಿ, ಮಳಿ ಬರಾಕತ್ತೈತಿ."

ಶಂಕ್ರವ್ವ ಗುಡಿಸಲಿನ ಬಾಗಿಲಲ್ಲಿ ನಿಂತಿದ್ದಳು. ಭರಮಪ್ಪನಿಗಿಂತ ಹತ್ತು ವರ್ಷ ದೊಡ್ಡವಳು. ಮದುವೆಯಾದ ವರ್ಷದಲ್ಲೇ ಗಂಡ ತೀರಿಕೊಂಡು ತಮ್ಮನ ಮನೆ ಸೇರಿದವಳು, ಅವಳ ಹೊಟ್ಟೆಯಲ್ಲಿ ಯಾರೂ ಹುಟ್ಟಲಿಲ್ಲ. ಎರಡೂ ಅಂಗೈಗಳು ಬಿರುಕು ಬಿಟ್ಟು, ಬಿರುಕಿನೊಳಗೆ ಹಸಿ ಕೆಂಪು ಕಾಣುತ್ತಿತ್ತು.

ಒಳಗೆ ಚಾಪೆ ಹಾಸಿದಳು. "ಕುಂದರ್ರಿ. ಚಾ ಕಾಸ್ತೇನಿ."

"ಚಾ ಬ್ಯಾಡ ಯಕ್ಕಾ. ಕೈಗೆ ಏನಾಗೇತಿ?"

"ಏನಿಲ್ರಿ, ಸುಣ್ಣ ತಿಂದೈತಿ. ಕೊಬ್ಬರಿ ಎಣ್ಣಿ ಹಚ್ಚೇನಿ."

ಇಷ್ಟು ಸಲೀಸಾಗಿ ಬರುತ್ತದೆಂದು ನಾನು ಅಂದುಕೊಂಡಿರಲಿಲ್ಲ. ಕಳ್ಳರನ್ನು ಬಾಯಿ ಬಿಡಿಸುವುದು ನನಗೆ ಗೊತ್ತು. ಮುಚ್ಚಿಡಲು ಏನೂ ಇಲ್ಲದವರನ್ನು ಕೇಳುವುದು ಗೊತ್ತಿಲ್ಲ.

ಅವಳೇ ಮಾತು ಮುಂದುವರಿಸಿದಳು. "ತೊಟ್ಟಿಗೆ ನಾನ ಹೊಡದೇನ್ರಿ, ಮಂಗಳವಾರ ಸಂಜೀಕ. ತಮ್ಮ ಸೋಮವಾರನ ಹರಗೋಲ ತಗೊಂಡು ಹೊಳಿಗೆ ಹೋಗಿದ್ದ. ಅಂವ ಬರೂದ್ರಾಗ ಚಂದ ಮಾಡಿಡಬೇಕಂತ ಎರಡು ಕೈ ಹೊಡದೆ. ಪಟ್ಟಿ ಎಳದೆ. ಬುಧವಾರ ಮುಂಜಾನೆ ನೂರಾ ಎಂಟು ಕೊಡ ನೀರು ಹೊತ್ತು ತುಂಬಿಸಿದೆ. ಅಂವ ಮೀನ ತಂದಾಗ ಕತ್ತಲಾಗಿತ್ತು, ಮಳಿ ಬ್ಯಾರೆ. ಬೆಳಕ ಹರದ ಮ್ಯಾಲ ನೋಡಿ ಖುಷಿ ಪಡಲಿ ಅಂತ ನಾನೂ ಹೇಳಲಿಲ್ಲ." ಅವಳು ಬಾಗಿಲಾಚೆಯ ತೊಟ್ಟಿಯ ಕಡೆ ನೋಡಿದಳು. "ಬೆಳಕ ಹರದ ಮ್ಯಾಲ ಏನು ನೋಡೂದು? ಯಾವ ಪಾಪಿ ಬಂದು ವಿಷಾ ಹಾಕಿದನೋ. ತಮ್ಮ ನನ್ನ ಹತ್ರ ಬರಗೊಡಲಿಲ್ಲ. ಒಳಗ ಹೋಗಕ್ಕಾ, ವಿಷದ ನೀರೈತಿ ಅಂದ. ನಾ ಬಳದಿದ್ದೆಲ್ಲಾ ಕಲ್ಲಿಲೆ ತಿಕ್ಕಿ ತಿಕ್ಕಿ ತಗದ. ಅಳಕೋತ ತಿಕ್ಕಿದ."

ಸಾಕ್ಷಿ ಅಳಿಸುತ್ತಿದ್ದಾನೆಂದು ಹಿಡಿದು ತಂದವನು ನಿಜವಾಗಿಯೂ ಸಾಕ್ಷಿಯನ್ನೇ ಅಳಿಸುತ್ತಿದ್ದ. ಅದು ಅವನದಲ್ಲ, ಇವಳದು.

"ಸಾಹೇಬ್ರ," ಅವಳು ನನ್ನ ಮುಖವನ್ನೇ ನೋಡುತ್ತ ಕೇಳಿದಳು. "ಸುಣ್ಣದಾಗ ಏನರ ತಪ್ಪಾತೇನ್ರಿ?"

ಹೌದು ಎಂದರೆ ತಮ್ಮ ಹೊರಗೆ ಬರುತ್ತಾನೆ, ಅಕ್ಕ ಮಡುವಿಗೆ ಹೋಗುತ್ತಾಳೆ. ವರದಿಯಲ್ಲೂ ಮನೆಯವರ ತಪ್ಪೆಂದೇ ಬರುತ್ತದೆ. ನಾಲ್ಕನೇ ಕಲಮು ಅಕ್ಕ ತಮ್ಮ ಎಂದು ಭೇದ ಮಾಡುವುದಿಲ್ಲ. ಮಡುವಿನಲ್ಲಿ ಉಳಿದ ಹದಿನೈದೋ ಇಪ್ಪತ್ತೋ ಮೀನು ದೀಪಾವಳಿಯೊಳಗೆ ಯಾರದೋ ಮಂಜುಗಡ್ಡೆಯ ಪೆಟ್ಟಿಗೆ ಸೇರುತ್ತವೆ.

"ಏನಿಲ್ಲ ಯಕ್ಕಾ," ಎಂದೆ. ಸುಳ್ಳು ಹೇಳಿದ್ದಕ್ಕೆ ಪಶ್ಚಾತ್ತಾಪ ಆಗಲಿಲ್ಲ. ಇದೊಂದಕ್ಕೇ ಆಗಲಿಲ್ಲ ಎನ್ನಬೇಕು.

ಎದ್ದು ಹೊರಡುವವನು ಬಾಗಿಲಲ್ಲಿ ನಿಂತೆ. ಹೋದ ವರ್ಷ ತೊಟ್ಟಿ ಇರಲಿಲ್ಲ, ದಂಡೆಯ ಮೇಲೆ ಮಣ್ಣಿನ ಗುಂಡಿ ಇತ್ತು, ಅದಕ್ಕೆ ಸುಣ್ಣದ ಮಾತೇ ಬಂದಿರಲಿಲ್ಲ. ಈ ಗುಡಿಸಲಿನ ಗೋಡೆ ಮಣ್ಣಿನದು. ದೇವರ ಗೂಡಿಗೂ ಸುಣ್ಣವಿಲ್ಲ.

"ಯಕ್ಕಾ, ಅಷ್ಟು ಸುಣ್ಣ ಎಲ್ಲಿಂದ ತಂದಿ?"

ಅವಳು ನಾನು ಹುಡುಗಾಟಕ್ಕೆ ಕೇಳುತ್ತಿದ್ದೇನೆ ಎಂಬಂತೆ ನೋಡಿದಳು. "ನೀವ ಕಳಿಸಿದ್ರಲ್ರಿ."

"ನಾನು?"

"ಹೌದ್ರಿ. ಸೋಮವಾರ ನಿಮ್ಮ ಜಮಾದಾರ್ರು ಒಂದು ಡಬ್ಬಿ ಸುಣ್ಣ ತಂದುಕೊಟ್ಟು, ಸಾಹೇಬ್ರ ಹುಕುಂ ಅಂತ ಚೀಟಿ ಓದಿ ಹೇಳಿದ್ರು. ನಾ ಅಂದೆ, ಇದು ಮೀನಿನ ತೊಟ್ಟಿರಿ, ತಮ್ಮ ಬರಲಿ ಕೇಳೂಣು ಅಂತ. ಅದಕ್ಕ ಅವರು ಅಂದ್ರು, ಮಗಳು ಹಡಿಯಾಕ ಬಂದ್ರ ಸುಣ್ಣ ಇಲ್ಲದ ಕ್ವಾಣ್ಯಾಗ ಮಲಗಸ್ತೀ ಏನವಾ, ಅಂತ." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ನನಗ ಅದು ಕರುಳ ಹಿಡದು ಜಗ್ಗಿದಂಗಾತ್ರಿ. ಹೌದಲ್ಲ, ನನಗ ಯಾಕ ತೋಚಲಿಲ್ಲ ಅಂತ."

"ಆ ಚೀಟಿ ಎಲ್ಲೈತಿ?"

"ಸರಕಾರದ ಕಾಗದ ಎಲ್ಲಾ ಕೂಡೇ ಇಟ್ಟೇನ್ರಿ."

ಜೋಳದ ಗಡಿಗೆಯೊಳಗೆ ಕೈ ಹಾಕಿ ಒಂದು ಅರಿವೆಯ ಗಂಟು ತೆಗೆದಳು. ಮೊದಲು ಬಂದದ್ದು ವಿನಾಯಿತಿ ಪತ್ರ. ಮಡಿಕೆ ಮಡಿಕೆಯಲ್ಲಿ ಹರಿದು, ಅನ್ನದಿಂದ ಅಂಟಿಸಿದ್ದು. ಅದರ ಕೆಳಗೆ ಅಂಗೈ ಅಗಲದ ಚೀಟಿ.

ಮುತ್ತು ಪೋಣಿಸಿದಂಥ ಅಕ್ಷರ. 'ಮೀನಿನ ತೊಟ್ಟಿಯ ಒಳಮೈಗೆ ಎರಡು ಕೈ ಸುಣ್ಣ ಹೊಡೆದು ಮರುದಿನವೇ ನೀರು ತುಂಬತಕ್ಕದ್ದು. ತಪ್ಪಿದರೆ ಪರವಾನಗಿಗೆ ತೊಂದರೆಯಾಗುವುದು.' ಕೆಳಗೆ ಠಾಣೆಯ ಮೊಹರು. ಮೊಹರಿನ ಮೇಲೆ ಓರೆಯಾಗಿ, ಅವಸರದಲ್ಲಿ ಗೀಚಿದ ಸಹಿ.

ನನ್ನದು.

ಎಲ್ಲಿ ಮಾಡಿದೆ, ಯಾವಾಗ ಮಾಡಿದೆ, ನೆನಪಿಲ್ಲ. ಬಾನೆಟ್ಟಿನ ಮೇಲೋ, ಊಟದ ತಟ್ಟೆಯ ಪಕ್ಕವೋ. ಈಗ ಮಾತ್ರ ಎಲ್ಲ ಒಟ್ಟಿಗೆ ನೆನಪಾಯಿತು. ಖಾಕಿ ಪ್ಯಾಂಟಿಗೆ ಅಂಟಿದ್ದ ಹೊಟ್ಟು. ಶಿಗ್ಗಾಂವಿಯ ತಂಗಿ. ಆ ತಂಗಿಯ ಗಂಡನ ಹೆಸರನ್ನು ನಾನು ನಾಲ್ಕು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಖಾದರಸಾಬ ಹೇಳಿದ್ದ, ಪೆಟ್ಟಿಗೆಗೆ ಹೊಟ್ಟು ತುಂಬಿಸಿ ಕುಳಿತ ಕುಬೇರಪ್ಪನೇ ಆ ಗಂಡನೆಂದು ಈಗ ಹೊಳೆಯಿತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಬೇಲಿಗೆ ಮೊಹರು ಹಾಕಿ ಕಳಿಸಿದವನು ನಾನು.

ಈ ಚೀಟಿಯನ್ನು ನಾಳೆ ಸಾಹೇಬರ ಮುಂದಿಟ್ಟರೆ ಭರಮಪ್ಪನ ತಪ್ಪಿಲ್ಲವೆಂದು ಆಗುತ್ತದೆ, ವಿನಾಯಿತಿ ಉಳಿಯುತ್ತದೆ, ಮಡು ಉಳಿಯುತ್ತದೆ. ಮೀನು ಕೊಂದ ಹುಕುಮಿನ ಕೆಳಗೆ ಇರುವುದು ಒಂದೇ ಹೆಸರು. ನನಗೆ ಇಬ್ಬರು ಹೆಣ್ಣುಮಕ್ಕಳಿದ್ದರು. ನೌಕರಿ ಬಿಟ್ಟರೆ ಬೇರೆ ಅನ್ನವಿರಲಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಆ ಗುಡಿಸಲಿನಲ್ಲಿ ನಿಂತಾಗ ನನಗೆ ಮೊದಲು ನೆನಪಾದದ್ದು ಭರಮಪ್ಪನ ಕೆನ್ನೆಯಲ್ಲ, ಅದೇ.

ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದು ಹೊರಗೆ ಬಂದೆ.

ಬೇವಿನ ಮರದ ಕೆಳಗೆ ಜೀಪು ಖಾಲಿಯಿತ್ತು. ಮಹಾಲಿಂಗಪ್ಪ ಗುಡಿಸಲಿನ ಬದಿಯಲ್ಲೇ, ಗೋಡೆಗೆ ಅಂಟಿ ನಿಂತಿದ್ದ. ಮಣ್ಣಿನ ಗೋಡೆಗೆ ಮಾತು ತಡೆಯುವ ಶಕ್ತಿ ಎಷ್ಟಿದ್ದೀತು?

"ಏನರ ಸಿಕ್ಕಿತೇನ್ರಿ, ಸಾಹೇಬ್ರ?"

"ಇಲ್ಲ."

ಅವನು ಛತ್ರಿಯನ್ನು ನನ್ನ ತಲೆಯ ಮೇಲೆ ಹಿಡಿದ. ದಿನವೂ ಹಿಡಿಯುವಷ್ಟೇ ಮರ್ಯಾದೆಯಿಂದ. ಇನ್ನೊಂದು ಕೈಯನ್ನು ಮುಂದೆ ಚಾಚಿದ.

"ಕೈಯಾಗಿಂದು ತೋಯ್ತೈತ್ರಿ. ಇಲ್ಲಿ ಕೊಡ್ರಿ, ನಾ ಇಟ್ಟುಕೊಳ್ತೇನಿ. ಅದ್ರಾಗ ನನ್ನ ಹೆಸರಿಲ್ಲ, ನನಗೇನೂ ಆಗಂಗಿಲ್ಲ. ನಿಮ್ಮ ಸಲುವಾಗಿ ಹೇಳಾಕತ್ತೇನಿ."

ನನ್ನ ಬೆನ್ನ ಹಿಂದೆ ಶಂಕ್ರವ್ವ ಬಾಗಿಲಿ‌ಗೆ ಬಂದಿದ್ದಳು. ಅವಳ ಕೈಯಲ್ಲಿ ತಮ್ಮನ ಒಗೆದ ಅಂಗಿ, ಮಡಿಚಿ ಹಿಡಿದದ್ದು.

"ಸಾಹೇಬ್ರ, ಕಾಗದ ಸಿಕ್ತಲ್ರಿ. ಹಂಗಾರ ತಮ್ಮನ್ನ ಇವತ್ತ ಬಿಡ್ತೀರೇನು?"

ಇಬ್ಬರೂ ನನ್ನ ಕೈಯನ್ನೇ ನೋಡುತ್ತ ನಿಂತರು.